ಹಗಲು ಮಂಚ

ಸಿದ್ದೇಶ ಮಂಚದ ಕೆಳಗೆ ಅಂಗಾತ ಮಲಗಿದ್ದ. ಆ ಮನೆಯಲ್ಲಿ ಮಂಚದ ಮೇಲೆ ಮಲಗುವುದಕ್ಕೆ ನಿಷೇಧವಿತ್ತು, ಕೆಳಗೆ ಮಲಗುವುದಕ್ಕೆ ಇರಲಿಲ್ಲ. ನಿಷೇಧ ಹೇರಿದವನೂ ಅವನೇ. ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದರಲ್ಲಿ ಹಳೆಯ ಬ್ಲೇಡು ಹಿಡಿದು, ಕಾಲು ಚೌಕಟ್ಟಿಗೆ ಸೇರುವ ಮೂಲೆಯ ಬಣ್ಣ ಕೆರೆಯುತ್ತಿದ್ದ. ಬೂದು ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ತುಕ್ಕು. ತುಕ್ಕಿನ ಕೆಳಗೆ ಒಂದು ಫ್ರೆಂಚ್ ಹೆಸರು ಇರಬೇಕಿತ್ತು. ಹೆಸರಿನ ಬದಲು ತುಕ್ಕಿನ ಪುಡಿ ಉದುರಿ ಕಣ್ಣಿಗೆ ಬಿತ್ತು. ಮುಂದಿನ ಕೋಣೆಯಲ್ಲಿ ಸುಧಾಳ ಹೊಲಿಗೆ ಮಷೀನು ನಿಂತಿತು. ಮಲಗಿದ್ದಲ್ಲಿಂದ ಅವನಿಗೆ ಬಾಗಿಲಾಚೆ ಎರಡು ಜೊತೆ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದು ಜೊತೆ ಹೆಂಡತಿಯದು. ಇನ್ನೊಂದು, ಹಿಮ್ಮಡಿ ಒಡೆದದ್ದು, ಬ್ಲೌಸು ಕೊಡಲು ಬಂದ ಯಾರದೋ.

"ಯಜಮಾನ್ರು ಅಲ್ಲಿ ಏನ್ ಮಾಡ್ತದಾರವ್ವ ಮಲಗಿಕಂಡು?"

"ಹುಡುಕ್ತದಾರೆ."

"ಏನ್ ಕಳ್ಕಂಡಾರೆ?"

"ಸಿಕ್ಕಿದ್ ಮ್ಯಾಲೆ ಹೇಳ್ತಾರಂತೆ. ನೀವು ತೋಳೆತ್ರಿ, ಅಳತೆ ತಗಂತೀನಿ."

ಇಬ್ಬರೂ ನಕ್ಕರು. ಸಿದ್ದೇಶನಿಗೆ ಈಗ ಹೊರಬರುವುದು ಕಷ್ಟವಾಯಿತು. ಮಂಚದ ಕೆಳಗಿನಿಂದ ಘನತೆಯಿಂದ ಹೊರಬರುವ ಭಂಗಿ ಯಾವುದೂ ಮನುಷ್ಯನಿಗೆ ಇಲ್ಲ. ಅಂಗಾತ ಜಾರಿದರೆ ಹಾವು, ಮಗುಚಿ ತೆವಳಿದರೆ ಕೂಸು. ಹಿಮ್ಮಡಿ ಒಡೆದ ಪಾದಗಳು ಹೋಗುವವರೆಗೆ ಅವನು ಅಲ್ಲೇ ಇದ್ದ.

ಮಂಚಗಳು ಮೂರಿದ್ದವು. ದಾವಣಗೆರೆಯ ಸರಸ್ವತಿ ನಗರದ ಆ ಬಾಡಿಗೆ ಮನೆಗೆ ಕೋಣೆಗಳು ಎರಡೇ. ಮುಂದಿನದು ಸುಧಾಳ ಹೊಲಿಗೆಗೆ. ಹಿಂದಿನದರಲ್ಲಿ ಮೂರು ಕಬ್ಬಿಣದ ಮಂಚಗಳು ಗೋಡೆಗಂಟಿಕೊಂಡಿದ್ದವು, ನಡುವೆ ಉಳಿದ ನೆಲದಲ್ಲಿ ಗಂಡ ಹೆಂಡತಿ ಚಾಪೆ ಹಾಸಿ ಮಲಗುತ್ತಿದ್ದರು. ಆನಗೋಡಿನಿಂದ ಒಮ್ಮೆ ಬಂದಿದ್ದ ಅತ್ತೆ ಮೈಲಮ್ಮ ಈ ಏರ್ಪಾಟನ್ನು ಬೆಳಗಿನವರೆಗೂ ನೋಡಿ, ಕಾಫಿ ಕುಡಿಯುವಾಗ ಮಗಳನ್ನು ಕೇಳಿದ್ದಳು: "ಮೂರು ಮಂಚ ಇಟ್ಗಂಡು ನೆಲದ ಮ್ಯಾಲೆ ಮಲಗೋ ಅಳಿಯನ್ನ ನಾ ಎಲ್ಲೂ ಕಂಡಿಲ್ಲ ಕಣವ್ವ. ಹರಕೆ ಏನಾರ ಐತಾ?" ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿಸುವ ಅಳಿಯ ಅವಳಿಗೆ ವಿವರಿಸಿದ್ದ. ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಮನೆಗಳು ಸಣ್ಣವಾದವು, ಹಗಲು ಕೂರಲು ಇರುಳು ಮಲಗಲು ಒಂದೇ ಸಾಮಾನು ಬೇಕಾಯಿತು. ಆಗ ಅಲ್ಲಿನ ದೊಡ್ಡ ದೊಡ್ಡ ವಿನ್ಯಾಸಕಾರರು ಉಕ್ಕಿನ ತಗಡು ಬಗ್ಗಿಸಿ, ಕೊಳವೆ ಬೆಸೆದು ಇಂಥವನ್ನು ಮಾಡಿದರು. ಡೇಬೆಡ್ ಅನ್ನುತ್ತಾರೆ, ಹಗಲು ಮಂಚ. "ಹಗಲೊತ್ತು ಯಾರಪ್ಪ ಮಲಗ್ತಾರೆ?" ಎಂದಳು ಮೈಲಮ್ಮ. "ಕಾಯಿಲೆ ಇದ್ದೋರು, ಬಾಣಂತೇರು, ಇಲ್ಲಾಂದ್ರೆ ಸೋಮಾರಿಗಳು." ಬಾಣಂತಿ ಎಂಬ ಮಾತು ಬಾಯಿಂದ ಬಿದ್ದದ್ದೇ ಅವಳು ಮಗಳ ಮುಖ ನೋಡಿದಳು, ಮಗಳು ಲೋಟ ತೊಳೆಯಲು ಎದ್ದು ಹೋದಳು. ಅಳಿಯ ಕಾಲಿನ ಬೆಸುಗೆಯ ಬಗ್ಗೆ ಇನ್ನೂ ಹೇಳುವುದಿದೆ ಎಂಬಂತೆ ಬಾಯಿ ತೆರೆದುಕೊಂಡೇ ಕೂತಿದ್ದ.

ಪ್ಯಾರಿಸ್ಸಿನಲ್ಲಿ ಈ ಮಂಚಗಳಲ್ಲಿ ಬಹಳಷ್ಟನ್ನು ಮಾಡಿದ್ದು ವಿದ್ಯಾರ್ಥಿ ನಿಲಯಗಳಿಗಾಗಿ. ಇದು ತಿಳಿದ ದಿನ ಅವನಿಗೆ ತನ್ನ ಬದುಕನ್ನು ಯಾರೋ ಬೆನ್ನ ಹಿಂದೆ ನಿಂತು ನೋಡಿ ನಕ್ಕಂತಾಗಿತ್ತು. ದಾವಣಗೆರೆಯ ಹಾಸ್ಟೆಲಿನಲ್ಲಿ ಅವನು ಮಲಗಿದ್ದೂ ಕಬ್ಬಿಣದ ಮಂಚವೇ, ಪಟ್ಟಿ ಸಡಿಲವಾಗಿ ಮಧ್ಯೆ ಜೋತು ಬಿದ್ದದ್ದು. ಇಬ್ಬರು ಮಲಗಿದರೆ ಇಬ್ಬರೂ ಉರುಳಿ ಆ ಗುಂಡಿಗೆ ಬಂದು ಸೇರುತ್ತಿದ್ದರು. ತಿಗಣೆ ಸಾಯಲೆಂದು ಮಂಚಗಳನ್ನು ಅಂಗಳಕ್ಕೆ ಹೊತ್ತು ಬಿಸಿಲಿಗೆ ಹಾಕುವುದು ಭಾನುವಾರದ ಕೆಲಸ. ಅಂಥ ಮಂಚದಿಂದ ತಪ್ಪಿಸಿಕೊಳ್ಳಲೆಂದೇ ಅವನು ಲೈಬ್ರರಿಯಲ್ಲಿ ಕೂತು ಓದಿದ್ದು, ಓದಿ ನೌಕರಿ ಹಿಡಿದದ್ದು. ನೌಕರಿ ಸಿಕ್ಕ ಮೇಲೆ ಮತ್ತೆ ಹಾಸ್ಟೆಲ್ ಮಂಚವನ್ನೇ ಪುದುಚೇರಿಯಿಂದ ರೈಲಿನಲ್ಲಿ ಹಾಕಿಸಿಕೊಂಡು ತಂದ. ಸ್ಟಾಫ್ ರೂಮಿನಲ್ಲಿ ಅದರ ಫೋಟೋ ತೋರಿಸಿದಾಗ ಪ್ರಶಾಂತ "ದಿವಾನ್ ಕಾಟ್ ಅನ್ರಲೇ" ಎಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡಿದ್ದ. ಎರಡನೆಯದರ ಫೋಟೋವನ್ನು ಸಂಗ್ರಾಹಕರ ಅಂತರರಾಷ್ಟ್ರೀಯ ಗುಂಪೊಂದಕ್ಕೆ ಹಾಕಿದ. ಅರ್ಧ ಗಂಟೆಯಲ್ಲಿ ಫ್ರಾನ್ಸಿನ ಒಬ್ಬ ಮುದುಕ ತುಂಬ ಸೌಜನ್ಯದಿಂದ ಉತ್ತರಿಸಿದ: ಇದು ಆಸ್ಪತ್ರೆಯ ಮಂಚ, ಬಹುಶಃ ಭಾರತದಲ್ಲೇ ತಯಾರಾದದ್ದು, ಆದರೂ ನಿಮ್ಮ ಉತ್ಸಾಹ ಮೆಚ್ಚತಕ್ಕದ್ದು. ಸಿದ್ದೇಶ ಫೋಟೋ ಅಳಿಸಿ ಹಾಕಿದ. ಉತ್ಸಾಹ ಮೆಚ್ಚತಕ್ಕದ್ದು ಎಂಬ ಮಾತು ಮಾತ್ರ ಅಳಿಯಲಿಲ್ಲ. ಫೇಲಾದ ಹುಡುಗರ ಡ್ರಾಯಿಂಗ್ ಹಾಳೆಯ ಮೇಲೆ ಅವನೇ ಬರೆಯುತ್ತಿದ್ದ ಮಾತು ಅದು.

ಹಿಂದಿನ ದಿನ, ಅವನಿಗೆ ಮೂರನೇ ಮಂಚ ಮಾರಿದ್ದ ಗುಜರಿ ವ್ಯಾಪಾರಿ ಮಕ್ತುಮ್ ಸಾಬ್ ಮೊಬೈಲಿಗೆ ಒಂದು ಫೋಟೋ ಕಳಿಸಿ, ಬೆನ್ನಿಗೇ ಫೋನು ಮಾಡಿದ್ದ. ಹರಿಹರಕ್ಕೆ ಕೊಟ್ಟ ಅವನ ಮಗಳು ನಸೀಮಾ ಹೆತ್ತು ನಲವತ್ತು ದಿನ ತುಂಬಿದ್ದವು. "ನೋಡಿದ್ರಾ ಸಾರ್, ಮೊಮ್ಮಗ. ಮೂಗು ಸೇಮ್ ಟು ಸೇಮ್ ನಂದೇ." ಸಿದ್ದೇಶ ಫೋಟೋವನ್ನು ಬೆರಳಿಂದ ಹಿಗ್ಗಿಸಿದ. ಮಗುವಿನ ಮುಖ ಪರದೆ ತುಂಬಿತು. ಅವನು ಮಗುವನ್ನು ಪಕ್ಕಕ್ಕೆ ತಳ್ಳಿದ, ನಸೀಮಾಳ ಮೊಣಕೈಯನ್ನೂ ತಳ್ಳಿದ, ಕಂಬಳಿ ಸರಿದ ಜಾಗಕ್ಕೆ ಬಂದು ನಿಂತ. ಅಲ್ಲಿ ಮಂಚದ ಅಂಚಿತ್ತು. ಪಟ್ಟಿಯಲ್ಲ, ಸರಿಗೆಯಲ್ಲ. ಒಂದೇ ಉಕ್ಕಿನ ಹಾಳೆ, ಅದರ ತುಂಬ ಸಣ್ಣ ಸಣ್ಣ ದುಂಡು ತೂತು, ಅಂಚಿನಲ್ಲಿ ಕಾಗದ ಮಡಿಸಿದ ಹಾಗೆ ಮಡಿಕೆ. ಪುಸ್ತಕಗಳಲ್ಲಿ ಬಿಟ್ಟು ಬೇರೆಲ್ಲೂ ಅವನು ಕಾಣದಿದ್ದದ್ದು. "ಮಕ್ತುಮ್ ಸಾಬ್ರೇ, ಆ ಮಂಚ ಯಾರದು?" ಎಂದ. "ಮಂಚಾನಾ?" ಎಂದ ಮಕ್ತುಮ್ ಸಾಬ್. ಮೂಗಿನ ಬಗ್ಗೆ ಏನೂ ಹೇಳದ್ದಕ್ಕೆ ಬೇಸರವಾಯಿತೇನೋ ಎಂದುಕೊಂಡ ಸಿದ್ದೇಶ. "ಅದು ದುರುಗಮ್ಮಂದು ಸಾರ್, ಹೊಳೆ ದಂಡೆ ಓಣಿ. ಮಾರೋ ಮಂಚ ಅಲ್ಲ ಅದು. ಕೇಳಿದೋರಿಗೆ ಕೊಡ್ತಾಳೆ." ಆಮೇಲೆ ಮಕ್ತುಮ್ ಸಾಬನ ದನಿ ಮೆತ್ತಗಾಯಿತು. "ಭಾಳ ಖುಷಿ ಆತು ಸಾರ್. ಒಳ್ಳೇದಾಗ್ಲಿ ಮನ್ಯಾಗೆ." ಗುಜರಿಯವನು ಯಾಕೆ ಹೀಗೆ ಹರಸುತ್ತಾನೆ ಎಂದು ಕೇಳುವಷ್ಟು ತಾಳ್ಮೆ ಸಿದ್ದೇಶನಿಗೆ ಇರಲಿಲ್ಲ.

ಈಗ ಅವನು ಎದ್ದು ಮೈ ಕೊಡವಿಕೊಂಡು ಅಂಗಿ ಹಾಕಿದ. ಸುಧಾ ಹಸಿರು ರೇಷ್ಮೆಯ ತೋಳಿಗೆ ಸೂಜಿ ಹಾಕುತ್ತಿದ್ದಳು. ಯಾರದೋ ಕುಬುಸದ ಬ್ಲೌಸು. ಐದನೇ ತಿಂಗಳಲ್ಲಿ ಬಸುರಿಗೆ ಹಸಿರು ಕುಬುಸ ತೊಡಿಸುವ ಶಾಸ್ತ್ರಕ್ಕೆ ಆ ಬಡಾವಣೆಯ ಹೆಂಗಸರೆಲ್ಲ ಅವಳ ಹತ್ತಿರವೇ ಹೊಲಿಸುತ್ತಿದ್ದರು. ಹೊಟ್ಟೆ ಎಷ್ಟು ಬೆಳೆಯುತ್ತದೆ ಎಂದು ಅಂದಾಜು ಮಾಡಿ ಒಳಗೆ ಬಟ್ಟೆ ಬಿಡುವುದು ಅವಳಿಗೆ ಗೊತ್ತಿತ್ತು.

"ಎಲ್ಲಿಗೆ?"

"ಹರಿಹರ. ಒಬ್ಬರನ್ನ ನೋಡ್ಬೇಕು."

"ಎಷ್ಟು ಕಾಲು ಅವರಿಗೆ?"

"ನಾಲ್ಕು," ಎಂದ ಸಿದ್ದೇಶ. ಸುಧಾ ಹಲ್ಲಿನಲ್ಲಿ ದಾರ ಕಡಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದೊಡ್ಡಬಾತಿ ದಾಟುವಾಗ ಅವನಿಗೆ ತಾನು ಸುಖವಾಗಿದ್ದೇನೆ ಅನ್ನಿಸಿತು. ಹಾಗನ್ನಿಸಿದ್ದೇ ತಡ ಒಳಗೆ ಏನೋ ಇರಿಯಿತು. ಯಾವುದಾದರೂ ಮಂಚದ ಕಡೆಗೆ ಹೋಗುತ್ತಿರುವಾಗ ಮಾತ್ರ ತನಗೆ ಸುಖವಾಗುವುದು ಯಾಕೆ? ಮಂಚ ಮನೆಗೆ ಬಂದ ಮರುದಿನ ಅದು ಕಬ್ಬಿಣ. ಹೋಗುತ್ತಿರುವಾಗ ಅದು ಏನೋ ಬೇರೆ. ಪುದುಚೇರಿಗೆ ಹೋದದ್ದೂ ಹೀಗೇ. ಆ ಬೆಳಿಗ್ಗೆ ಅವನು ಹೋಗಬೇಕಾಗಿದ್ದದ್ದು ಲ್ಯಾಬಿಗೆ. ಸುಧಾಳ ಪರೀಕ್ಷೆಗಳೆಲ್ಲ ಮುಗಿದಿದ್ದವು. ಚುಚ್ಚಿಸಿಕೊಂಡು, ಸ್ಕ್ಯಾನು ಮಾಡಿಸಿಕೊಂಡು, ಸಣ್ಣದೊಂದು ಆಪರೇಷನ್ನಿನಿಂದ ಎದ್ದು ಮೂರನೇ ದಿನಕ್ಕೆ ಮತ್ತೆ ಮಷೀನು ತುಳಿದಿದ್ದಳು. ನನ್ನಲ್ಲಿ ಏನೂ ದೋಷ ಇಲ್ಲವಂತೆ ಎಂದು ಅವಳು ಹೇಳಿದ ದನಿಯಲ್ಲಿ ಗೆಲುವೂ ಇರಲಿಲ್ಲ, ಆರೋಪವೂ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾದದ್ದು. ಇನ್ನು ಅವನ ಸರದಿ. ಪುದುಚೇರಿಯ ವ್ಯಾಪಾರಿ ಆ ಮಂಚವನ್ನು ನಾಳೆಗೆ ಬೇರೆಯವರಿಗೆ ಕೊಟ್ಟುಬಿಡುತ್ತಾನೆ ಎಂದು ಹೆಂಡತಿಗೆ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ವ್ಯಾಪಾರಿ ನಿಜಕ್ಕೂ ಹಾಗೆ ಹೇಳಿದ್ದ. ಸಿದ್ದೇಶನ ಬದುಕಿನಲ್ಲಿ ನೆಪಗಳೆಲ್ಲ ನಿಜವಾಗಿದ್ದವು. ಸುಧಾ ಲ್ಯಾಬಿನ ಚೀಟಿಯನ್ನು ಮಡಿಸಿ ಎತ್ತಿಟ್ಟಳು, ಮತ್ತೆ ಆ ಮಾತೆತ್ತಲಿಲ್ಲ. ಮಾತೆತ್ತಿದ್ದರೆ ಜಗಳವಾಡಬಹುದಿತ್ತು ಎಂದು ಅವನು ಎಷ್ಟೋ ಸಲ ಅವಳ ಮೇಲೆ ಸಿಟ್ಟಾಗಿದ್ದ.

ದುರುಗಮ್ಮನ ಮನೆಯ ಬಾಗಿಲು ತೆಗೆದೇ ಇತ್ತು. ಕೂಗಿದರೆ ಯಾರೂ ಓಗೊಡಲಿಲ್ಲ. ಪಕ್ಕದ ಸಂದಿಯಲ್ಲಿ ನಡೆದು ಹಿತ್ತಿಲಿಗೆ ಬಂದ. ಮಂಚ ಬಿಸಿಲಿನಲ್ಲಿತ್ತು, ಈಗಷ್ಟೇ ತೊಳೆದದ್ದು, ತೂತು ತೂತಿನಿಂದ ಅರಿಸಿನದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಯಾವ ಕಾಲದಲ್ಲೋ ಅದಕ್ಕೆ ಕಿಟಕಿ ಸರಳಿನ ಹಸಿರು ಪೇಂಟು ಬಳಿದಿದ್ದರು. ಆದರೂ ಆ ಕಾಲು! ಬುಡಕ್ಕೆ ಬರುತ್ತ ಸಣ್ಣಗಾಗಿ, ಸ್ವಲ್ಪ ಹೊರಕ್ಕೆ ಚಾಚಿ, ಹೊರಡಲು ಒಂದು ಹೆಜ್ಜೆ ಎತ್ತಿದ ಪ್ರಾಣಿಯ ಹಾಗೆ. ತಲೆಯ ಕಡೆ ಹಾಳೆ ಒಂದೇ ಬಾಗಿಗೆ ಮೇಲೆದ್ದು ದಿಂಬಾಗಿತ್ತು. ಎಲ್ಲೂ ಬೋಲ್ಟಿಲ್ಲ. ಅವನು ಮಂಡಿಯೂರಿ ಕೂತು ಅಂಗೈಯನ್ನು ತೂತುಗಳ ಮೇಲೆ ಒತ್ತಿದ. ಒದ್ದೆಯಾಗಿದ್ದರೂ ಬೆಚ್ಚಗಿತ್ತು. ತೆಗೆದಾಗ ಅಂಗೈ ತುಂಬ ಕೆಂಪು ಚುಕ್ಕೆ. ಅಪ್ಪ ಸತ್ತಾಗ ಜನ ಎಷ್ಟು ಕಾದರೂ ಬರದಿದ್ದ ಕಣ್ಣೀರು ಈಗ ಬರುವ ಹಾಗಿತ್ತು. ತನ್ನನ್ನು ತಾನೇ ಮೇಲಿನಿಂದ ನೋಡಿದ. ಪರರ ಹಿತ್ತಿಲಿನಲ್ಲಿ ತಗಡಿನ ಮುಂದೆ ಮಂಡಿಯೂರಿ ಅಳಲು ಹೊರಟ ಸರ್ಕಾರಿ ನೌಕರ.

"ಯಾರಪ್ಪ ಅದು?"

ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಮುದುಕಿ ನಿಂತಿದ್ದಳು. ಅಗಲ ಮುಖ, ಬಿಗಿದು ಕಟ್ಟಿದ ಸಣ್ಣ ತುರುಬು.

ಅವನು ಥಟ್ಟನೆ ಎದ್ದ. "ಮಂಚ ಕೇಳಾಕೆ ಬಂದೆ."

ದುರುಗಮ್ಮನ ಮುಖ ಪೂರ್ತಿ ಬದಲಾಯಿತು. ಕೊಡ ಇಳಿಸಿದಳು, ಸೆರಗಿನಿಂದ ಕೈ ಒರೆಸಿಕೊಂಡಳು. "ಬಾ, ಬಾ ಒಳಗೆ. ಬಿಸಿಲಾಗೆ ಯಾಕ ಕೂತೆ? ಕೂಡ್ರು." ಒಳಗೆ ಕೂರಿಸಿ, ಯಾವ ಊರೆಂದು ಕೇಳಿ, ಬೆಲ್ಲ, ನೀರು ಕೊಟ್ಟಳು. ಕಳ್ಳನ ಹಾಗೆ ಹಿತ್ತಿಲಿಗೆ ನುಗ್ಗಿದವನಿಗೆ ಬೆಲ್ಲ ಕೊಡುವ ಊರು ಇನ್ನೂ ಇದೆಯಲ್ಲ ಎಂದು ಅವನು ಮೆಚ್ಚಿಕೊಂಡ. ಮಂಚದ ಹುಟ್ಟು ಕೇಳಿದ. ಎಂದೋ ಮುಚ್ಚಿದ ಒಂದು ಕಾರ್ಖಾನೆಯ ಅತಿಥಿಗೃಹದಲ್ಲಿ ಅವಳ ಮಾವ ಅಡುಗೆ ಮಾಡುತ್ತಿದ್ದನಂತೆ. ಯಂತ್ರ ಕೂರಿಸಲು ಪರದೇಶದಿಂದ ಬಂದವರು ಇದರ ಮೇಲೆ ಹಗಲೆಲ್ಲ ಬಿದ್ದುಕೊಂಡು ಸಿಗರೇಟು ಸೇದುತ್ತಿದ್ದರಂತೆ, ವಾಪಸು ಹೋಗುವಾಗ ಕೊಟ್ಟು ಹೋದರಂತೆ. ಅವಳ ಗಂಡ ಗೋಣೆಪ್ಪ ಹುಟ್ಟಿದಾಗ ಅತ್ತೆ ಮಲಗಿದ್ದು ಇದರ ಮೇಲೆ. "ಪರದೇಶ ಅಂದ್ರೆ ಫ್ರಾನ್ಸಾ?" ಎಂದ ಸಿದ್ದೇಶ, ಉಸಿರು ಹಿಡಿದು. "ಯಾವನಿಗ್ ಗೊತ್ತಪ್ಪ. ಕೆಂಪಗಿದ್ರಂತೆ." ಅವನಿಗೆ ಅಷ್ಟು ಸಾಕಾಗಿತ್ತು.

"ಅದಿರ್ಲಿ, ಮನ್ಯಾಕಿಗೆ ಎಷ್ಟು ತುಂಬಿದಾವೆ?"

"ಮೂವತ್ಮೂರು."

ದುರುಗಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ವಯಸ್ಸು ಯಾವನಿಗ್ ಬೇಕೋ! ತಿಂಗಳು, ತಿಂಗಳು!"

ಆಗ ಅವನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಮಕ್ತುಮ್ ಸಾಬನ ಮೆತ್ತಗಾದ ದನಿ, ಅರಿಸಿನದ ನೀರು, ಬೆಲ್ಲ. ಈ ಓಣಿಯಲ್ಲಿ ಯಾರೂ ಸುಮ್ಮನೆ ಬಂದು ಈ ಮಂಚ ಕೇಳುವುದಿಲ್ಲ. ಹೆರಿಗೆಯಾದವಳನ್ನು ಇದರ ಮೇಲೆ ಮಲಗಿಸಿ ಕೆಳಗೆ ಕೆಂಡವಿಟ್ಟು ಲೋಬಾನ ಹಾಕಿದರೆ ತೂತುಗಳಿಂದ ಹೊಗೆ ಏಳುತ್ತದೆ, ಹಗ್ಗದ ಹೊರಸಿನ ಹಾಗೆ ಸುಡುವ ಭಯವಿಲ್ಲ. ಯಾವ ಜಾತಿಯಾದರೂ ಸರಿ, ಮನೆಯಿಂದ ಮನೆಗೆ ಹೋಗುತ್ತದೆ, ನಲವತ್ತು ದಿನ ಕಳೆದು ಬರುತ್ತದೆ. ಕೇಳುವುದು ಎಂದರೆ ಸುದ್ದಿ ಹೇಳುವುದು. ಅವನು ಸುದ್ದಿ ಹೇಳಿಬಿಟ್ಟಿದ್ದ. ಈಗ, ಇಲ್ಲಮ್ಮ, ನಾನು ಹಳೆ ಮಂಚ ಕೂಡಿಡುವವನು, ಅಷ್ಟೆ ಎನ್ನಬೇಕು. ವಾಕ್ಯ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅದು ಎಷ್ಟು ಸಣ್ಣ ಮನುಷ್ಯನ ವಾಕ್ಯವಾಗಿತ್ತೆಂದರೆ ಅದನ್ನು ಆಡಲು ಅವನಿಗೆ ನಾಚಿಕೆಯಾಯಿತು.

"ಐದು," ಎಂದ.

"ಐದಕ್ಕೇ ಓಡಿ ಬಂದ್ಯಾ! ಎಲ್ರೂ ಎಂಟು ತುಂಬಿದ ಮ್ಯಾಲೆ ಬರ್ತಾರೆ. ಆಸೆ ನೋಡು ಇವನದ್ದು. ಚೊಚ್ಚಲಾ?"

"ಹೂಂ."

"ಮದಿವ್ಯಾಗಿ?"

"ಏಳು ವರ್ಷ." ಇದೊಂದು ನಿಜವಾಗಿತ್ತು. ಮುದುಕಿಯ ಕಣ್ಣು ತುಂಬಿದ್ದೂ ಈ ನಿಜಕ್ಕೇ. ಅವಳು ಎದ್ದು ಹಿತ್ತಿಲ ಗೋಡೆಯ ಆಚೆಗೆ ಕೂಗಿದಳು: "ಕೇಳಿದ್ಯೇನೇ, ದಾವಣಗೆರೆಯೋರಂತೆ! ಏಳು ವರ್ಷಕ್ಕೆ!" ಗೋಡೆಯಾಚೆಯಿಂದ ಯಾರೋ ದೇವರ ಹೆಸರು ಹೇಳಿದರು. ಸಿದ್ದೇಶ ತನ್ನ ಸುಳ್ಳು ಗೋಡೆ ಹಾರಿ ಹೋಗುವುದನ್ನು ಕಿವಿಯಾರೆ ಕೇಳಿದ. ಆದರೂ ತಲೆ ಲೆಕ್ಕ ಹಾಕುತ್ತಲೇ ಇತ್ತು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಇದರದೇ ಅಳತೆಯ ಇನ್ನೊಂದು ಮಾಡಿಸಿ, ಹಸಿರು ಬಳಿದು, ಅದನ್ನು ವಾಪಸು ಕೊಡುವುದು. ಹೆರುವವರಿಗೆ ಫ್ರೆಂಚ್ ಆದರೇನು, ದಾವಣಗೆರೆಯದಾದರೇನು. ಹೊಗೆ ಎರಡರಲ್ಲೂ ಏಳುತ್ತದೆ.

ಮಂಚವನ್ನು ಈಗಲೇ ಒಯ್ಯಬಹುದು, ಖಾಲಿ ಇದೆ, ನಾಳೆ ಯಾರಾದರೂ ಕೇಳಿದರೆ ಇಲ್ಲವೆನ್ನಲು ಆಗುವುದಿಲ್ಲ ಎಂದಳು ದುರುಗಮ್ಮ. ಅವನು ಓಡಿ ಹೋಗಿ ಲಗೇಜ್ ಆಟೋ ಕರೆತಂದ. ಮಂಚ ಏರಿಸಿ ಹಗ್ಗ ಕಟ್ಟಿ ತಿರುಗಿ ನೋಡಿದರೆ ಮುದುಕಿ ಹೊಸ ಸೀರೆ ಉಟ್ಟು, ಚೀಲ ಹಿಡಿದು, ಡ್ರೈವರನ ಪಕ್ಕ ಏರಿ ಕೂತಿದ್ದಳು.

"ನೀವ್ಯಾಕೆ ಬರ್ತೀರಮ್ಮ? ತ್ರಾಸು."

"ನಾ ಬರ್ದೆ ಮಂಚ ಎಲ್ಲಿಗಾರ ಹೋಕೈತೇನು? ಹೊಸ್ತಿಲು ದಾಟಿಸಿ ಮೂಡಲಕ್ಕೆ ತಲೆ ಮಾಡಿ ಇಡಬೇಕು. ಹುಡುಗಿ ಮಡಿಲಿಗೆ ಕುಬುಸದ ಕಣ ಹಾಕಬೇಕು. ಹತ್ತು ನೀನು ಹಿಂದೆ."

ಅವನು ಹಿಂದೆ ಹತ್ತಿದ. ಗಾಡಿ ಹೊಳೆಯ ಸೇತುವೆ ಬಿಟ್ಟು ಪಿ.ಬಿ. ರಸ್ತೆಗೆ ಬಂತು. ನಿಲ್ಲಿಸಿ ಕಟ್ಟಿದ ಮಂಚದ ತೂತುಗಳಲ್ಲಿ ಬಿಸಿಲು ತೂರಿ ಅವನ ಅಂಗಿಯ ತುಂಬ ಬೆಳಕಿನ ಚುಕ್ಕೆ ಬಿದ್ದಿತ್ತು. ಗಾಡಿ ಕುಲುಕಿದಾಗೆಲ್ಲ ಚುಕ್ಕೆಗಳು ಎದೆಯಿಂದ ಹೊಟ್ಟೆಗೆ ಹರಿದಾಡುತ್ತಿದ್ದವು. ಇಷ್ಟು ಚೆಂದದ ವಸ್ತುವಿನ ಜೊತೆ ಅವನು ಯಾವತ್ತೂ ಪ್ರಯಾಣ ಮಾಡಿರಲಿಲ್ಲ, ಇಷ್ಟು ಭಯದಿಂದಲೂ ಮಾಡಿರಲಿಲ್ಲ. ಈಗ ಗಾಡಿ ನಿಲ್ಲಿಸಿ ಹೇಳಬಹುದು. ಆ ಪೆಟ್ರೋಲ್ ಬಂಕ್ ಬಂದ ಮೇಲೆ ಹೇಳುತ್ತೇನೆ. ಬಂಕ್ ಬಂತು, ಹೋಯಿತು. ಮುದುಕಿಗಾದರೂ ಬೇಡ, ಹೆಂಡತಿಗೆ ಹೇಳಬೇಕಲ್ಲ. ಫೋನು ಮಾಡಿದ.

"ಸಿಕ್ತಾ?" ಎಂದಳು ಸುಧಾ. ಮಷೀನಿನ ಸದ್ದು ನಿಲ್ಲಲಿಲ್ಲ.

"ಸಿಕ್ತು. ಜೊತೆಗೆ ಒಬ್ರು ಬರ್ತದಾರೆ. ವಯಸ್ಸಾದೋರು. ಅವರು ಏನಾರ ಕೇಳಿದ್ರೆ..."

ಮಷೀನು ನಿಂತಿತು. "ಏನ್ ಕೇಳ್ತಾರೆ?"

"ಬಂದ್ಮ್ಯಾಲೆ ಹೇಳ್ತೀನಿ. ಟೀ ಇಟ್ಟಿರು."

ಫೋನು ಜೇಬಿಗಿಟ್ಟು ಅವನು ಅಭ್ಯಾಸಬಲದಿಂದ ಮಡಿಕೆಯ ಒಳಗೆ ಬೆರಳಾಡಿಸಿ ಕಂಪನಿಯ ಮುದ್ರೆ ಹುಡುಕತೊಡಗಿದ.

ಮನೆಯ ಮುಂದೆ ಗಾಡಿ ನಿಂತಾಗ ಸುಧಾಳ ಜೊತೆ ಶಾಂತಲಾ ಇದ್ದಳು. ಎದುರು ಮನೆಯ ಹೈಸ್ಕೂಲ್ ಟೀಚರು, ಬ್ಲೌಸಿಗೆ ಬಂದವಳು. ಡ್ರೈವರೂ ಅವನೂ ಮಂಚ ಇಳಿಸಿ ಮುಂದಿನ ಕೋಣೆಗೆ ತಂದರು. ದುರುಗಮ್ಮ ಅದರ ತಲೆಯನ್ನು ಮೂಡಲಕ್ಕೆ ತಿರುಗಿಸಿದಳು, ಕಾಲಿಗೆ ಕುಂಕುಮ ಹಚ್ಚಿದಳು. ಆಮೇಲೆ ಚೀಲದಿಂದ ಕುಬುಸದ ಬಟ್ಟೆ, ಹಸಿರು ಕಣ, ತೆಗೆದು ಸುಧಾಳ ಮುಂದೆ ನಿಂತು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಸುಧಾಳ ಕತ್ತಿನಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

"ಐದಂತೆ. ಕಾಣಂಗೇ ಇಲ್ವಲ್ಲ ನಮ್ಮವ್ವ. ಸರಿಯಾಗಿ ಉಣ್ತೀಯೋ ಇಲ್ಲೋ? ಸೆರಗು ಹಿಡಿ."

ಸುಧಾ ಸೆರಗು ಹಿಡಿಯಲಿಲ್ಲ. ಹಸಿರು ಕಣ ನೋಡಿದಳು, ಮಂಚ ನೋಡಿದಳು, ಗಂಡನನ್ನು ನೋಡಿದಳು. ಅವಳಿಗೆ ಅರ್ಥವಾಗಲು ತನಗೆ ಬೇಕಾದಷ್ಟು ಹೊತ್ತು ಬೇಕಾಗಲಿಲ್ಲ ಎಂಬುದನ್ನು ಸಿದ್ದೇಶ ಗಮನಿಸಿದ. ಶಾಂತಲಾ "ಅಯ್ಯೋ ಸುಧಾ, ಹೇಳೇ ಇಲ್ಲ ನೀನು!" ಎಂದು ಅವಳ ಭುಜ ಹಿಡಿದಳು.

"ಹೇಳ್ರಿ," ಎಂದಳು ಸುಧಾ, ಗಂಡನಿಗೆ. ದನಿ ಸಣ್ಣಗಿತ್ತು. ಗಟ್ಟಿಯಾಗಿ ಕಿರುಚಿದ್ದರೆ ಅವನು ಏನಾದರೂ ಹೇಳುತ್ತಿದ್ದನೇನೋ. ಮೂವರು ಹೆಂಗಸರೂ ಬಾಗಿಲಲ್ಲಿ ನಿಂತ ಡ್ರೈವರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಬಾಯಿ ತೆರೆದ.

"ಇದು ಫ್ರೆಂಚ್ ಮಂಚ," ಎಂದ. "ಸಾವಿರದ ಒಂಬೈನೂರ ಐವತ್ತರ ಸುಮಾರಿಂದು. ಒಂದೇ ಹಾಳೆ. ತೂತು ಹಾಕಿದ ಮ್ಯಾಲೆ ಬಗ್ಗಿಸಿದ್ದು, ಅದೇ ಕಷ್ಟ. ಸಾಮಾನ್ಯವಾಗಿ ತೂತು ಇರೋ ಕಡೆ ಹರಿದು ಹೋಗುತ್ತೆ." ತನ್ನ ದನಿ ತರಗತಿಯಲ್ಲಿ ಪಾಠ ಮಾಡುವ ದನಿಯಾಗಿರುವುದು ಅವನಿಗೆ ಕೇಳಿಸುತ್ತಿತ್ತು. ನಿಲ್ಲಿಸಲು ಆಗಲಿಲ್ಲ. "ಪ್ರಪಂಚದಾಗೆ ಇಂಥವು ಭಾಳ ಇಲ್ಲ."

ಸುಧಾ ಅವನು ಮುಗಿಸುವವರೆಗೂ ಕಾದಳು. ಆಮೇಲೆ ದುರುಗಮ್ಮನ ಕಡೆ ತಿರುಗಿದಳು.

"ನಾ ಬಸುರಿ ಅಲ್ಲಮ್ಮ. ಒಂದ್ಸಲನೂ ಆಗಿಲ್ಲ. ಅವರಿಗೆ ಮಂಚ ಬೇಕಿತ್ತು, ಅದಕ್ಕೆ ಹಂಗಂದಾರೆ."

ಮುದುಕಿ ಶಾಪ ಹಾಕುತ್ತಾಳೆ ಎಂದುಕೊಂಡ ಸಿದ್ದೇಶ. ಹಾಕಿದ್ದರೆ ಹಗುರವಾಗುತ್ತಿತ್ತು. ಅವಳು ಹಿಂದಿನ ಕೋಣೆಯೊಳಗೆ ಇಣುಕಿ, ಅಲ್ಲಿದ್ದ ಮೂರು ಮಂಚ ನೋಡಿ, ಪುದುಚೇರಿಯದರ ಮೇಲೆ ಹೋಗಿ ಕೂತಳು. ಅದು ಕಿರುಗುಟ್ಟಿತು. ಕೂರಬೇಡಿ ಎಂಬ ಮಾತು ಅವನ ನಾಲಿಗೆ ತುದಿಗೆ ಬಂದು, ಆ ನಾಲಿಗೆಯ ಬಗ್ಗೆ ಅವನಿಗೇ ಹೇಸಿಗೆಯಾಯಿತು.

"ನಾಲ್ಕಾದ್ವಲ್ಲಪ್ಪ," ಎಂದಳು ದುರುಗಮ್ಮ. "ಯಾರು ಮಲಗ್ತಾರೆ ಇವುಗಳ ಮ್ಯಾಲೆ?"

"ಯಾರೂ ಇಲ್ಲ," ಎಂದಳು ಸುಧಾ.

ದುರುಗಮ್ಮ ಎದ್ದು ಮುಂದಿನ ಕೋಣೆಗೆ ಬಂದಳು. ಅವಳ ಚಿಂತೆ ಸಿದ್ದೇಶನ ಬಗ್ಗೆ ಇರಲಿಲ್ಲ, ಅದು ಅವನಿಗೆ ತಡವಾಗಿ ತಿಳಿಯಿತು. ಮಂಚ ಹೊಸ್ತಿಲು ದಾಟಿ ಬಂದಿದೆ, ಯಾರೂ ಮಲಗದೆ ಬರಿದಾಗಿ ವಾಪಸು ಹೋದರೆ ಅದರ ಮೇಲೆ ಮುಂದೆ ಓಣಿಯಲ್ಲಿ ಯಾವ ಹುಡುಗಿಯೂ ಮಲಗುವುದಿಲ್ಲ. "ನೀ ಒಂದು ಗಳಿಗೆ ಮಲಗ್ತೀಯೇನವ್ವ? ಹೆಸರಿಗೆ?" ಎಂದು ಸುಧಾಳನ್ನು ಕೇಳಿದಳು. ಸುಧಾ "ಬ್ಯಾಡಮ್ಮ" ಎಂದಳು. ಆ ಬ್ಯಾಡದಲ್ಲಿ ಏಳು ವರ್ಷಗಳ ಯಾವ ನಡುಕವೂ ಇರಲಿಲ್ಲ, ಟೀ ಬೇಡ ಎಂದ ಹಾಗಿತ್ತು. ಮುದುಕಿ ಮತ್ತೆ ಕೇಳಲಿಲ್ಲ.

"ಹಂಗಾರೆ ಕೇಳಿದೋನೇ ಮಲಗ್ಲಿ."

ಶಾಂತಲಾ ಬಾಯಿಗೆ ಸೆರಗು ತುರುಕಿಕೊಂಡಳು. ಡ್ರೈವರು ಬೀಡಿ ಆರಿಸಿ ಒಳಗೇ ಬಂದ. ಸಿದ್ದೇಶ ಹೆಂಡತಿಯ ಕಡೆ ನೋಡಿದ. ಅವಳು ಒಳಗೆ ಹೋಗಿ ಕಾವಲಿಯಲ್ಲಿ ಕೆಂಡ ತಂದಳು. ಒಲೆಯಲ್ಲಿ ಇಷ್ಟು ಬೇಗ ಇದ್ದಿಲು ಹೇಗೆ ಕೆಂಡವಾಯಿತು ಎಂದು ಯೋಚಿಸುತ್ತಲೇ ಅವನು ಮಲಗಿದ. ಯಾರೂ ಬಲವಂತ ಮಾಡಲಿಲ್ಲ, ಅದು ನಿಜ. ಅಷ್ಟು ಜನರ ಎದುರು ನಿಂತಿರುವುದಕ್ಕಿಂತ ಮಲಗುವುದೇ ಸುಲಭವಾಗಿತ್ತು. ದುರುಗಮ್ಮ ಅವನ ಕಿವಿಗಳಿಗೆ ಹತ್ತಿ ಒತ್ತಿದಳು. ಸುಧಾ ಒಂದು ಹಳೆಯ ಪಂಚೆ ಹರಿದು ಹಣೆಯಿಂದ ಗದ್ದದವರೆಗೆ ಬಿಗಿದು ಕಟ್ಟಿದಳು, ಬಾಣಂತಿಗೆ ಕಟ್ಟುವ ಹಾಗೆ. ಅವಳ ಬೆರಳು ಗಂಟು ಹಾಕುವಾಗ ಕೆನ್ನೆಗೆ ತಾಗಿತು. ಕೆಳಗೆ ಲೋಬಾನ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆ ಬಿತ್ತು. ಬೆನ್ನಿಗೆ ಮೊದಲು ಬಿಸಿ ಬಂತು, ಆಮೇಲೆ ಹೊಗೆ. ಅದು ಪ್ರತಿ ತೂತಿನಿಂದ ಬೇರೆ ಬೇರೆಯಾಗಿ ಎದ್ದು, ಅಂಗಿಯೊಳಗೆ ಹೊಕ್ಕು, ಕಂಕುಳಲ್ಲಿ, ಕತ್ತಿನಲ್ಲಿ, ಮೂಗಿನಲ್ಲಿ ಹೊರಟಿತು. ಕೆಮ್ಮಿದ. ಕಣ್ಣಿನಿಂದ ನೀರು ಸುರಿಯಿತು. ಇಷ್ಟಾದರೂ ಬೆನ್ನು ಮಂಚವನ್ನು ಓದುತ್ತಲೇ ಇತ್ತು. ಸೊಂಟದ ಹತ್ತಿರ ಒಂದು ಸಣ್ಣ ತಗ್ಗು, ಯಾರೋ ಅಳೆದು ಕೊಟ್ಟಂತೆ. ಅದು ಫ್ರೆಂಚರು ಮಾಡಿದ್ದೋ, ಹೊಳೆ ದಂಡೆಯ ಹೆಂಗಸರು ಮಲಗಿ ಮಲಗಿ ಆದದ್ದೋ. ಎಲ್ಲರೂ ನಗುತ್ತಿದ್ದರು, ಅವನಿಗೆ ಸದ್ದು ಕೇಳಿಸುತ್ತಿರಲಿಲ್ಲ. ತೆರೆದ ಬಾಯಿಗಳು ಮಾತ್ರ ಕಾಣುತ್ತಿದ್ದವು. ಸುಧಾ ಗೋಡೆಗೆ ಒರಗಿ ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡಿದ್ದಳು, ಭುಜಗಳು ಅಲುಗುತ್ತಿದ್ದವು. ನಗುತ್ತಿರಬೇಕು ಎಂದುಕೊಂಡ. ಅವಳು ನಕ್ಕು ಎಷ್ಟು ದಿನವಾಯಿತು ಎಂದು ಸಂತೋಷಪಡಲು ಹೊರಟು, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಖಾತ್ರಿಯಾಗಲಿಲ್ಲ. ಏನಾಯಿತು ಎಂದು ಕೇಳಬೇಕೆನಿಸಿತು. ತಲೆಗೆ ಬಟ್ಟೆ ಕಟ್ಟಿಕೊಂಡು ಹೊಗೆ ಹಾಕಿಸಿಕೊಳ್ಳುತ್ತಿರುವವನು ಇನ್ನೊಬ್ಬರನ್ನು ಏನಾಯಿತು ಎಂದು ಕೇಳುವುದು ಹೇಗೆ.

ಎದ್ದೇಳು ಎಂದು ದುರುಗಮ್ಮ ಕೈಸನ್ನೆ ಮಾಡಿದಳು. ಡ್ರೈವರು ಅವನ ಸಹಾಯ ಕೇಳದೆ ಒಬ್ಬನೇ ಮಂಚ ಎತ್ತಿ ಗಾಡಿಗೆ ಹಾಕಿದ, ಅದು ಅಷ್ಟು ಹಗುರವಾಗಿತ್ತು. ಮುದುಕಿ ಹಸಿರು ಕಣವನ್ನು ಚೀಲಕ್ಕೆ ತುರುಕಲು ಹೋದಾಗ ಸುಧಾ ಅದರ ಒಂದು ಚುಂಗು ಹಿಡಿದು ಏನೋ ಹೇಳಿದಳು. ಮುದುಕಿ ತಲೆಯಾಡಿಸಿದಳು, ಮತ್ತೇನೋ ಕೇಳಿದಳು, ಗಾಡಿಯ ಕಡೆ ಕೈ ತೋರಿಸಿದಳು. ಸುಧಾ ಕತ್ತಿನಿಂದ ಟೇಪು ತೆಗೆದು ಮಷೀನಿನ ಮೇಲಿಟ್ಟಳು. ಕತ್ತರಿ ಮುಚ್ಚಿಟ್ಟಳು. ಚಪ್ಪಲಿ ಮೆಟ್ಟಿಕೊಂಡಳು. ಅಂಗಡಿಯಂಥ ಆ ಕೋಣೆಯನ್ನು ಗಿರಾಕಿ ಇರುವಾಗ ಬಿಟ್ಟು ಅವಳು ಹೊರಗೆ ಹೋದದ್ದನ್ನು ಸಿದ್ದೇಶ ನೋಡಿಯೇ ಇರಲಿಲ್ಲ.

"ಎಲ್ಲಿಗೆ?" ಎಂದ. ತನ್ನ ದನಿ ತಲೆಯೊಳಗೇ ಗುಂಯ್‌ಗುಟ್ಟಿತು. "ಯಾವಾಗ್ ಬರ್ತೀಯ?"

ಅವಳು ಗಾಡಿ ಹತ್ತುತ್ತ ತಿರುಗಿ ಉತ್ತರ ಹೇಳಿದಳು. ತುಟಿ ಅಲುಗಿದ್ದು ಸ್ಪಷ್ಟವಾಗಿ ಕಂಡಿತು. ಸಣ್ಣ ಉತ್ತರವಲ್ಲ, ಸಾಕಷ್ಟು ದೊಡ್ಡದು, ಮಧ್ಯೆ ಒಂದು ಸಲ ನಿಲ್ಲಿಸಿ ಮತ್ತೆ ಹೇಳಿದಳು. ಅವನು ತಲೆಯಾಡಿಸಿದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬಟ್ಟೆಯ ಸಂದಿಗೆ ಬೆರಳು ತೂರಿಸಿ ಒಂದು ಕಿವಿಯ ಹತ್ತಿ ಕಿತ್ತ. ಇನ್ನೊಂದು ಗಂಟಿನ ಅಡಿಯಲ್ಲಿತ್ತು, ಬೆರಳಿಗೆ ಸಿಗಲಿಲ್ಲ.

ಬೀದಿಯಲ್ಲಿ ಸ್ಕೂಟರುಗಳು ನಿಧಾನವಾಗಿ ಹೋಗುತ್ತಿದ್ದವು. ಶಾಂತಲಾ ಇನ್ನೂ ಅಲ್ಲೇ ಇದ್ದಳು. ನಗು ಮುಗಿದಿತ್ತು. ಅವಳ ಮುಖದಲ್ಲಿ ಈಗ ಮಕ್ಕಳ ಉತ್ತರ ಪತ್ರಿಕೆ ನೋಡುವ ಸುಸ್ತು ಇತ್ತು.

"ನನ್ ಬ್ಲೌಸು ಎಲ್ಲಿಟ್ಟಿದಾಳೆ ನೋಡ್ರಿ. ಬುಧವಾರ ಬೇಕು."

ಅವನು ಒಳಗೆ ಹೋಗಿ ಬಟ್ಟೆಯ ರಾಶಿ ಕೆದಕಿದ. ಎಲ್ಲಕ್ಕೂ ಸುಧಾಳದೇ ಯಾವುದೋ ಗುರುತು, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಮುರಿದ ಗುಂಡಿ. ಯಾವ ಗುರುತು ಯಾರದು ಎಂದು ಅವನಿಗೆ ತಿಳಿಯಲಿಲ್ಲ. ಬರಿಗೈಯಲ್ಲಿ ಬಾಗಿಲಿಗೆ ಬಂದ.

"ಸಿಗ್ಲಿಲ್ಲ."

"ಹೋಗ್ಲಿ ಬಿಡ್ರಿ. ನಾಳೆ ಇರ್ತಾಳಾ ಸುಧಾ?"

"ಗೊತ್ತಿಲ್ಲ," ಎಂದ.

"ಆಂ?"

ಅವನು ಮತ್ತೊಮ್ಮೆ ಹೇಳಿದ. ಈ ಸಲ ಬೀದಿಯ ಆ ಕಡೆಗೂ ಕೇಳುವಷ್ಟು ಜೋರಾಗಿ, ಕಿವಿಯಲ್ಲಿ ಹತ್ತಿ ಇರುವವರು ಮಾತಾಡುವ ಹಾಗೆ.